ಚಿಂಗಿಯ ಗುಳಿಗೆ, ಸಮೃದ್ಧಿಯ ಹೆಸರು

ಗಂಡು ನಾಯಿಯ ಬೀಜ ತೆಗೆಯುವುದು ಹೆಣ್ಣು ನಾಯಿಯ ಗರ್ಭಕೋಶ ತೆಗೆಯುವುದಕ್ಕಿಂತ ಸಣ್ಣ ಕೆಲಸ. ಗಂಡಿನದಾದರೆ ಹೊಟ್ಟೆ ಕೊಯ್ಯುವ ಮಾತೇ ಬರುವುದಿಲ್ಲ. ಹೆಣ್ಣಿನದಾದರೆ ಹೊಟ್ಟೆ ತೆರೆಯಬೇಕು, ಒಳಗಿನದನ್ನು ತೆಗೆಯಬೇಕು, ಹತ್ತು-ಹನ್ನೆರಡು ದಿನ ಹೊಲಿಗೆ ಕಾಯಬೇಕು. ಇದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಇವತ್ತಿಗೆ ಗೊತ್ತಾಯಿತು. ಆದರೂ ನಮ್ಮ ನೇಕಾರರ ವಡಗಾವಿಯಲ್ಲಿ ಒಂದು ನಾಯಿ ಮರಿ ಹಾಕಿತೆಂದರೆ ಬೈಸಿಕೊಳ್ಳುವುದು ಹೆಣ್ಣು ನಾಯಿ, ಆಮೇಲೆ ಅದಕ್ಕೆ ಅನ್ನ ಹಾಕಿದ ಹೆಂಗಸು. ಗಂಡು ನಾಯಿಯ ಮಾಲೀಕ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾನೆ.

ಸಮೃದ್ಧಿ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ತವರು ಖಾನಾಪುರ. ತಂದೆ ದುಂಡಪ್ಪ ಅಲ್ಲಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ಮೂವತ್ತು ವರ್ಷ ನಿಂತವರು. ಅವರ ಮುಂಗೈ ಮೇಲೆ ಕೂದಲು ಹುಟ್ಟುವುದಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎರಡರಲ್ಲೂ ಸಮೃದ್ಧಿ ಒಂದೇ ವೇಗದಲ್ಲಿ ಮಾತಾಡುತ್ತಿದ್ದಳು. ಪಿಯುಸಿ ಮುಗಿಸಿ ಎರಡು ವರ್ಷ ಅಂಗನವಾಡಿಯ ಮಕ್ಕಳಿಗೆ ಹಾಡು ಕಲಿಸಿದಳು. ಆಮೇಲೆ ನಾಲ್ಕು ಪಾವರಲೂಮಿನ ಮಾಲೀಕ ವಿನಯನ ಜೊತೆ ಮದುವೆಯಾಯಿತು. ಬಂದ ಆರು ತಿಂಗಳಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದರಲ್ಲಿ ಅತ್ತೆಯನ್ನೇ ಹಿಂದೆ ಹಾಕಿದಳು. ಇದು ಅವಳ ಮೊದಲ ತಪ್ಪು.

ಅತ್ತೆ ಕಾಶವ್ವನ ಕಿವಿಯ ಬಗ್ಗೆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ಮಗ್ಗ ಒಮ್ಮೆಗೇ ಹೊಡೆದುಕೊಳ್ಳುತ್ತಿದ್ದರೂ ಯಾವ ಮಗ್ಗದಲ್ಲಿ ಎಳೆ ಹರಿಯಿತೆಂದು ಅಡುಗೆ ಮನೆಯಿಂದಲೇ ಕೂಗಿ ಹೇಳುವಾಕೆ. ಗಂಡ ತೀರಿಕೊಂಡ ಮೇಲೆ ಮಗ್ಗ ಮಾರದೆ ಉಳಿಸಿಕೊಂಡದ್ದು ಆ ಕಿವಿಯಿಂದಲೇ. ಆದರೆ ಹರಿದ ಎಳೆ ಹುಡುಕುತ್ತಲೇ ಆಯುಷ್ಯ ಕಳೆದವರಿಗೆ ಸರಿಯಾಗಿ ಓಡುತ್ತಿರುವ ಎಳೆಯ ಮೇಲೂ ಸಂಶಯ.

ಮದುವೆಯಾದ ವರ್ಷ ನಾಗರಪಂಚಮಿಗೆ ತವರಿಗೆ ಹೋದ ಸಮೃದ್ಧಿ ಮರಳಿ ಬರುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ನಾಯಿಮರಿ ತಂದಳು. ಮಗ್ಗದ ಶೆಡ್ಡಿನಲ್ಲಿ ನೂಲು ಕಳುವಾಗುತ್ತಿತ್ತು, ಒಂದು ನಾಯಿ ಬೇಕೆಂದು ಕಾಶವ್ವನೇ ಹೇಳಿದ್ದಳು.

ಕಾಶವ್ವ ಮರಿಯನ್ನು ಎತ್ತಿ, ಹೊಟ್ಟೆ ಮೇಲೆ ಮಾಡಿ ನೋಡಿದಳು.

"ಹೆಣ್ಣ ತಂದಿಯಲ್ಲವಾ. ನಿಮ್ಮೂರಾಗ ಗಂಡು ಸಿಗಲಿಲ್ಲೇನು?"

"ಗಂಡೆಲ್ಲಾ ಮೊದಲ ಒಯ್ದಿದ್ರರೀ ಅತ್ತಿ. ಉಳಿದದ್ದು ಇದೊಂದ."

"ಯಾರಿಗೂ ಬ್ಯಾಡಾದದ್ದು ನಮ್ಮ ಮನಿಗೆ ಬಂತು ಅನ್ನು."

ಮಾತು ನಾಯಿಯ ಮೇಲಿತ್ತೋ ಸೊಸೆಯ ಮೇಲಿತ್ತೋ ಸಮೃದ್ಧಿಗೆ ತಿಳಿಯಲಿಲ್ಲ. ನಾಯಿಗೆ ಚಿಂಗಿ ಎಂದು ಹೆಸರಿಟ್ಟಳು. ಅದರ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಅದಕ್ಕೂ ಕಾಶವ್ವ ಕಿವಿ ನಿಮಿರಿಸಿದಳು. "ನಾಯಿ ಕೂಡ ಮರಾಠಿಯಾಗ ಏನ್ ಮಾತಾಡ್ತಾಳ ಇಕಿ? ನಮ್ಮ ಮುಂದ ಕನ್ನಡದಾಗ ಆಡಬಾರದಂಥಾ ಮಾತು ಏನೈತಿ?" ಎಂದು ಪಕ್ಕದ ಮನೆಯಲ್ಲಿ ಕೇಳಿದಳಂತೆ.

ಆ ಪಕ್ಕದ ಮನೆ ಹಣಮಪ್ಪನದು. ಓಣಿಗೆ ಹಿರಿಯ ಮನುಷ್ಯ. ಜಗಳ, ಹಂಚಿಕೆ, ಹೆಣ್ಣು ನೋಡುವ ಶಾಸ್ತ್ರ, ಎಲ್ಲಕ್ಕೂ ಅವನನ್ನೇ ಕರೆಯುತ್ತಾರೆ. ಅವನ ಮನೆಯಲ್ಲಿ ಟೈಗರ್ ಎಂಬ ಗಂಡು ನಾಯಿ. ಬೆಳಿಗ್ಗೆ ಸಂಜೆ ಸರಪಳಿ ಬಿಚ್ಚಿ ಬಿಡುತ್ತಾನೆ. ಓಣಿಯ ಮರಿಗಳಲ್ಲಿ ಅರ್ಧಕ್ಕೆ ಟೈಗರಿನದೇ ಮೂತಿ. ಒಮ್ಮೆ ಪಶು ಇಲಾಖೆಯವರು ಬಂದು ಬೀಜ ತೆಗೆಸಿ ಎಂದಾಗ ಹಣಮಪ್ಪ ಹೇಳಿದ ಮಾತು ನನಗೆ ನೆನಪಿದೆ: "ಗಂಡಿಗೆ ಹಾಂಗ ಮಾಡಬಾರದ್ರೀ. ಅದರ ಮಾರಿ ಬಾಡ್ತದ." ಇದೇ ಹಣಮಪ್ಪ ಹೊಲದ ಹೋರಿಗಳ ಬೀಜ ಒಡೆಸುವಾಗ ಅವುಗಳ ಮುಖ ನೋಡಿದ್ದನೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮರುವರ್ಷ ಬೇಸಿಗೆಯಲ್ಲಿ ಚಿಂಗಿ ಬೆದೆಗೆ ಬಂತು. ಎರಡು ತಿಂಗಳಿಗೆ ನಾಲ್ಕನೇ ಮಗ್ಗದ ಕೆಳಗೆ ಐದು ಮರಿ ಹಾಕಿತು, ಐದಕ್ಕೂ ಟೈಗರಿನದೇ ಮೂತಿ. ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಎರಡು ಗಂಡನ್ನು ಕೇಳಿ ಒಯ್ದರು. ಮೂರು ಹೆಣ್ಣು ಉಳಿದವು. ಒಂದು ದಿನ ವಿನಯ ಆ ಮೂರನ್ನೂ ನೂಲಿನ ಚೀಲದಲ್ಲಿ ಹಾಕಿಕೊಂಡು ಬೈಕ್ ಹತ್ತಿದ. ಮಧ್ಯಾಹ್ನ ತೊಯ್ದು ಬಂದ. ಚೀಲ ಖಾಲಿ.

"ಎಲ್ಲಿ ಬಿಟ್ಟ್ರಿ?" ಎಂದಳು ಸಮೃದ್ಧಿ.

"ಜಾಂಬೋಟಿ ಕಡೆ. ಗದ್ದಿ ಅದಾವ, ಮಂದಿ ಇರ್ತಾರ. ಯಾರರ ನೋಡ್ಕೋತಾರ."

"ಈ ಮಳ್ಯಾಗ?"

"ಊಟಕ್ಕ ಹಾಕು."

ಜುಲೈ ತಿಂಗಳಲ್ಲಿ ಜಾಂಬೋಟಿಯ ಮಳೆ ಹೇಗಿರುತ್ತದೆಂದು ಖಾನಾಪುರದ ಮಗಳಿಗೆ ಯಾರೂ ಹೇಳಬೇಕಾಗಿಲ್ಲ. ಅಲ್ಲಿ ಗದ್ದೆಯ ಬದುವೇ ಕಾಣದಂತೆ ನೀರು ನಿಲ್ಲುತ್ತದೆ. ನೀರಿನಾಚೆ ಕಾಡು. ಚಿಂಗಿ ಮೂರು ದಿನ ಒಂದೊಂದು ಮಗ್ಗದ ಕೆಳಗೂ ಹೋಗಿ ಮೂಸಿ ಬಂತು. ಮೂರು ದಿನ ಸಮೃದ್ಧಿ ಕಂಡಿಕೆ ಸುತ್ತುತ್ತ ಅದನ್ನೇ ನೋಡುತ್ತ ಕುಳಿತಳು. ನಾಲ್ಕನೇ ದಿನ ಗಂಡನಿಗೆ ಹೇಳಿದಳು: "ಚಿಂಗಿಗೆ ಆಪರೇಶನ್ ಮಾಡಿಸೂಣು. ಖಾನಾಪುರ ದವಾಖಾನ್ಯಾಗ ಡಾಕ್ಟರಬಾಯಿ ಚಲೋ ಅದಾರಂತ."

ವಿನಯ "ನೋಡೂಣು" ಎಂದ. ಮಾತು ಕಾಶವ್ವನ ಕಿವಿಗೆ ಬಿತ್ತು.

"ಮನಿ ಸೊಸಿ ಉಡಿ ಇನ್ನೂ ತುಂಬಿಲ್ಲ. ಅಂಥಾ ಮನ್ಯಾಗ ಹೆಣ್ಣು ಪ್ರಾಣಿದ ಗರ್ಭಾ ಕೊಯ್ಯಸ್ತೀರೇನು? ಮೊದಲ ನಿಂದೊಂದು ಕೂಸಾಗಲಿ, ಆಮ್ಯಾಲ ನಾಯಿದು ನೋಡೂಣಂತ."

ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ಇದೇ ಕಾಶವ್ವ ದಿನಕ್ಕೆರಡು ಬಾರಿ ಅಂಗೈಯಲ್ಲಿ ಲಿಂಗ ಹಿಡಿದು ಕೂರುವಾಕೆ, ಪಂಚಾಂಗದವರನ್ನು ಹೊಸ್ತಿಲ ಒಳಗೆ ಬಿಡದಾಕೆ. ಶಾಸ್ತ್ರ ಬೇಡವೆಂದು ಬಿಟ್ಟವರ ಮನೆಯಲ್ಲೂ ಹೆಂಗಸರ ಹೊಟ್ಟೆಯ ಶಾಸ್ತ್ರ ಮಾತ್ರ ಹೇಗೆ ಉಳಿಯುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಮುಂದಿನ ಬೆದೆ ಬರುವ ಹೊತ್ತಾಗಿತ್ತು. ಸಮೃದ್ಧಿಗೆ ಉಳಿದದ್ದು ಒಂದೇ ದಾರಿ, ಅದೂ ತಪ್ಪು ದಾರಿ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಖುಶ್ನುಮಾ ತಿಂಗಳಿಗೊಮ್ಮೆ ಮನೆ ಮನೆಗೆ ಬರುತ್ತಾಳೆ. ಮಕ್ಕಳ ನಡುವೆ ಅಂತರ ಬೇಕೆಂದವರಿಗೆ ಸರಕಾರದ ಗುಳಿಗೆ ಪುಕ್ಕಟೆ ಕೊಡುತ್ತಾಳೆ. ಸಮೃದ್ಧಿ ನಳದ ಹತ್ತಿರ ಅವಳ ಸೆರಗು ಹಿಡಿದು ಮೆಲ್ಲಗೆ ಕೇಳಿದಳು, "ಆಪಾ, ನನಗೊಂದು ಪಾಕೀಟ ಕೊಡ್ರಿ."

"ಅತ್ತಿಗೆ ಗೊತ್ತೈತೇನು?"

"ಹೇಳಬ್ಯಾಡ್ರಿ."

ಖುಶ್ನುಮಾ ಹೆಚ್ಚು ಕೇಳಲಿಲ್ಲ. ಹೆಚ್ಚು ಕೇಳದಿರುವುದೇ ಅವಳ ಕೆಲಸದ ಮರ್ಯಾದೆ. ಪುಸ್ತಕದಲ್ಲಿ ಸಮೃದ್ಧಿಯ ಹೆಸರು ಬರೆದು, ಗುಳಿಗೆ ಕೊಟ್ಟಳು.

ಹೆಂಗಸಿನ ಹೊಟ್ಟೆ ತಡೆಯುವ ಗುಳಿಗೆ ನಾಯಿಯದನ್ನೂ ತಡೆಯುತ್ತದೆ ಎಂದು ಅವಳು ನಂಬಿದಳು. ನಗಬೇಡಿ. ಅದು ತಪ್ಪೆಂದು ನಿಮಗೆ ಯಾರಾದರೂ ಹೇಳಿದ್ದರೇ? ದಿನಾ ಮಧ್ಯಾಹ್ನ ಮೂರಕ್ಕೆ, ಕಾಶವ್ವ ಅಡ್ಡಾಗುವ ಹೊತ್ತಿನಲ್ಲಿ, ತನ್ನ ಟ್ರಂಕು ತೆರೆದು ಒಂದು ಗುಳಿಗೆ ತೆಗೆದು, ರೊಟ್ಟಿ ಚೂರಿನಲ್ಲಿ ಬೆಲ್ಲದ ಜೊತೆ ಮುಚ್ಚಿ ಹಿತ್ತಿಲಲ್ಲಿ ಚಿಂಗಿಗೆ ತಿನ್ನಿಸುತ್ತಿದ್ದಳು. ಒಂದು ತಿಂಗಳಲ್ಲ, ವರ್ಷದ ಹತ್ತಿರ. ಚಿಂಗಿ ಮರಿ ಹಾಕಲಿಲ್ಲ. ಗುಳಿಗೆ ಹಿಡಿಯಿತು ಎಂದುಕೊಂಡಳು.

ಈ ನಡುವೆ ಇನ್ನೊಂದು ನಡೆದಿತ್ತು. ಮದುವೆಯಾಗಿ ಎರಡು ವರ್ಷವಾಗುತ್ತ ಬಂದರೂ ಕೂಸಿಲ್ಲವೆಂದು ಕಾಶವ್ವನೇ ಒತ್ತಾಯ ಮಾಡಿ ಗಂಡ-ಹೆಂಡತಿಯನ್ನು ಆಸ್ಪತ್ರೆಗೆ ಕಳಿಸಿದ್ದಳು. ಸಮೃದ್ಧಿಯ ತಪಾಸಣೆ ಆಯಿತು. ಎಲ್ಲ ಸರಿ ಇದೆ ಎಂದರು. ವಿನಯನಿಗೂ ಒಂದು ಚೀಟಿ ಬರೆದು ಕೊಟ್ಟರು, ಇಂಥ ಲ್ಯಾಬಿಗೆ ಹೋಗಿ ಬಾ ಎಂದು. "ಮುಂದಿನ ವಾರ ಹೊಕ್ಕೇನಿ" ಎಂದ. ಆ ಚೀಟಿ ಕಪಾಟಿನಲ್ಲಿ ಫೈಲಿನೊಳಗೆ ಹೋಗಿ ಕೂತಿತು.

ಮೂರನೇ ಪಂಚಮಿಗೆ ಗಂಡ-ಹೆಂಡತಿ ಇಬ್ಬರೂ ಚಿಂಗಿಯನ್ನೂ ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಖಾನಾಪುರಕ್ಕೆ ಹೋಗಿ ಬಂದರು. ಹಬ್ಬದ ಮರುದಿನ ಸಮೃದ್ಧಿ ಗೆಳತಿಯರ ಜೊತೆ ಜೋಕಾಲಿ ಆಡುತ್ತಿದ್ದಾಗ, ವಿನಯ ಚಿಂಗಿಯನ್ನು ಅಲ್ಲಿಯ ಪಶು ಆಸ್ಪತ್ರೆಗೆ ಹಿಡಿದುಕೊಂಡು ಹೋಗಿ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿಕೊಂಡು ಬಂದ. ಅಳಿಯ ಎಷ್ಟು ಒಳ್ಳೆಯವನೆಂದು ದುಂಡಪ್ಪ ಬೀದಿಯಲ್ಲೆಲ್ಲ ಹೇಳಿದರು.

ದೀಪಾವಳಿ ಹೊತ್ತಿಗೆ ನಳದ ಸಾಲಿನಲ್ಲಿ ಯಾರೋ ಕಾಶವ್ವನಿಗೆ ಅಂದರು: "ನಿಮ್ಮ ಸೊಸಿ ಖುಶ್ನುಮಾನ ಕಡೆ ಏನೋ ಇಸ್ಕೋತಾಳಲ್ರೀ ತಿಂಗಳ ತಿಂಗಳ."

ಕಾಶವ್ವ ಸೊಸೆಯನ್ನು ಕೇಳಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಮಾಡಿದ್ದು ನೇಕಾರರ ಮನೆಯವರಿಗಷ್ಟೇ ಹೊಳೆಯುವ ಕೆಲಸ. ಸೀರೆಯ ಅಂಚಿಗೆಂದು ಇಟ್ಟ ರೇಷ್ಮೆಯಿಂದ ಒಂದು ಎಳೆ ಬಿಡಿಸಿದಳು. ಬೆಳಕಿಗೆ ಹಿಡಿದರೂ ಕಾಣದಂಥ ಎಳೆ. ಸೊಸೆ ಬೆಳಿಗ್ಗೆ ನೀರಿಗೆ ಹೋದಾಗ ಟ್ರಂಕಿನ ಮುಚ್ಚಳದಿಂದ ಕೆಳಗಿನ ಅಂಚಿಗೆ ಅದನ್ನು ಅಡ್ಡ ಹಚ್ಚಿ, ಎರಡೂ ತುದಿಗೆ ಗಂಜಿ ಸವರಿದಳು. ಮುಚ್ಚಳ ಎತ್ತಿದರೆ ಎಳೆ ಹರಿಯಬೇಕು. ಊಟದ ಹೊತ್ತಿಗೆ ನೋಡಿದಳು, ಎಳೆ ಇತ್ತು. ನಾಲ್ಕಕ್ಕೆ ನೋಡಿದಳು, ಹರಿದಿತ್ತು. ಮರುದಿನ ಹೊಸ ಎಳೆ. ಮತ್ತೆ ಮೂರರಿಂದ ನಾಲ್ಕರ ನಡುವೆ ಹರಿಯಿತು. ಹೀಗೆ ಒಂಬತ್ತು ದಿನ. ಒಂಬತ್ತೂ ದಿನ ಏನೂ ಆಗದವಳಂತೆ ಸೊಸೆಯ ಎದುರು ಕೂತು ಊಟ ಮಾಡಿದಳು. ಹತ್ತನೇ ದಿನ ಟ್ರಂಕು ತೆರೆದಳು. ಮದುವೆಯ ಸೀರೆಯ ಮಡಿಕೆಯಲ್ಲಿ ಗುಳಿಗೆಯ ಪಾಕೀಟು ಸಿಕ್ಕಿತು.

ಶನಿವಾರ ಬೆಳಿಗ್ಗೆ ದುಂಡಪ್ಪನಿಗೆ ಬುಲಾವು ಹೋಯಿತು. ಕಟ್ಟೆಯ ಮೇಲೆ ಹಣಮಪ್ಪ ಕೂತ. ಖುಶ್ನುಮಾಳನ್ನು ಪುಸ್ತಕ ಸಮೇತ ಕರೆಸಿದರು. ಓಣಿಯ ನಾಲ್ಕು ಜನ ನಿಂತೆವು. ನಾನೂ ಇದ್ದೆ, ಕೈಯಲ್ಲಿ ಚಹಾದ ಕಪ್ಪು ಇತ್ತು. ವಿನಯ ಒಳಗೆ ಎರಡನೇ ಮಗ್ಗದ ಹತ್ತಿರ ನಿಂತಿದ್ದ, ಬಾಗಿಲು ತೆರೆದೇ ಇತ್ತು.

ಕಾಶವ್ವ ಪಾಕೀಟನ್ನು ತಾಟಿನಲ್ಲಿಟ್ಟು ಬೀಗರ ಮುಂದೆ ಸರಿಸಿದಳು.

"ಕುಂದರ್ರಿ ಬೀಗರ. ಇದು ಏನು ಹೇಳ್ರಿ ನೋಡೂಣು."

ದುಂಡಪ್ಪ ತಿರುಗಿಸಿ ಮುರುಗಿಸಿ ನೋಡಿದರು. "ತಲಿನೋವಿಂದೇನ್ರಿ?"

ಹಣಮಪ್ಪ ನಕ್ಕ. "ತಲಿನೋವಿಂದ ಹೌದು. ತಲಿನೋವು ಹುಟ್ಟಬಾರದಂತ ನುಂಗೂದು."

"ನಿಮ್ಮ ಮಗಳ ಟ್ರಂಕನ್ಯಾಗ ಸಿಕ್ಕೈತ್ರಿ," ಎಂದಳು ಕಾಶವ್ವ. "ನಾವು ಇಲ್ಲಿ ಕೂಸಿಗೆ ಹರಕಿ ಹೊತ್ತೇವಿ. ಇಕಿ ಮೂರ ಗಂಟೇಕ ದಿನಾ ಒಂದು ನುಂಗ್ತಾಳ."

ಸಮೃದ್ಧಿ ಹೊಸ್ತಿಲ ಒಳಗೆ ನಿಂತಿದ್ದಳು. "ನಾ ನುಂಗಿಲ್ರೀ. ಅದು ಚಿಂಗಿಗೆ ಹಾಕೂ ಗುಳಿಗಿ."

ಹಣಮಪ್ಪ ತೊಡೆ ತಟ್ಟಿಕೊಂಡ. "ನಾಯಿಗೆ ಫ್ಯಾಮಿಲಿ ಪ್ಲ್ಯಾನಿಂಗು. ನಾಳೆ ಬೆಕ್ಕಿನ ಹೆಸರಲೆ ರೇಶನ್ ಕಾರ್ಡ್ ಮಾಡಸ್ತಾಳ ನಿಮ್ಮ ಸೊಸಿ, ತಡೀರಿ."

ನಿಂತವರು ನಕ್ಕರು. ಟೈಗರಿನ ಮರಿಗಳ ಸಲುವಾಗಿ ಹುಟ್ಟಿದ ತಕರಾರಿಗೆ ಟೈಗರಿನ ಮಾಲೀಕನೇ ಪಂಚ. ಅದು ಆಗ ನನಗೂ ಹೊಳೆಯಲಿಲ್ಲ.

"ಖುಶ್ನುಮಾ, ನೀ ಹೇಳವಾ. ಯಾರ ಹೆಸರಲೆ ಬರದಿ?" ಎಂದಳು ಕಾಶವ್ವ.

"ಸಮೃದ್ಧಿ ಹೆಸರಲೆ ಬರದೇನ್ರಿ ಅಕ್ಕಾ. ನಾಯಿ ಹೆಸರು ಬರಿಯಾಕ ಅದರಾಗ ಕಾಲಂ ಇಲ್ಲ. ಕೊಟ್ಟದ್ದು ಖರೇ. ಯಾರ ಬಾಯಾಗ ಹೋತು ನಾ ನೋಡಿಲ್ಲ."

"ನೋಡಿಲ್ಲ ಅಂದ್ರ ಆತಲ್ಲ," ಎಂದ ಹಣಮಪ್ಪ. "ಬರದದ್ದು ಖರೇ ಆತು."

ಸಮೃದ್ಧಿ ಗಂಡನ ಕಡೆ ನೋಡಿದಳು. ವಿನಯ ಮಗ್ಗದ ಹಲ್ಲುಗಾಲಿಗೆ ಎಣ್ಣೆ ಬಿಡುತ್ತಿದ್ದ. ತುಂಬಾ ಹೊತ್ತು ಬಿಟ್ಟ. ಅಷ್ಟು ಎಣ್ಣೆ ಯಾವ ಮಗ್ಗಕ್ಕೂ ಬೇಕಾಗುವುದಿಲ್ಲ.

ಆ ಹೊತ್ತಿನಲ್ಲಿ ಚಿಂಗಿ ನಾಲ್ಕನೇ ಮಗ್ಗದ ಕೆಳಗೆ ಮಲಗಿತ್ತು. ಎದ್ದು ಬಂದು ಬಕೀಟಿಗೆ ಬಾಯಿ ಹಾಕಿ ನೀರು ಕುಡಿಯಿತು. ಹೋಗಿ ಮಲಗಿತು. ಮತ್ತೆ ಎದ್ದು ಬಂದು ಕುಡಿಯಿತು. ಎಂಟು ದಿನದಿಂದ ಹಾಗೆಯೇ ಮಾಡುತ್ತಿತ್ತು. ಹೊಟ್ಟೆ ಉಬ್ಬಿತ್ತು, ಹಿಂದಿನ ಕಾಲಿಗೆ ಏನೋ ಸೋರಿ ಅಂಟಿತ್ತು. ಸಾಕ್ಷಿ ನಮ್ಮೆಲ್ಲರ ಕಾಲ ಹತ್ತಿರವೇ ಓಡಾಡುತ್ತಿತ್ತು. ನಾವು ತಾಟಿನಲ್ಲಿದ್ದ ಪಾಕೀಟು ನೋಡುತ್ತಿದ್ದೆವು.

"ನಾಕ ದಿನ ಮಗಳನ್ನ ಕರಕೊಂಡ ಹೋಗ್ರಿ," ಎಂದು ಹಣಮಪ್ಪ ತೀರ್ಮಾನ ಕೊಟ್ಟ. "ಬುದ್ಧಿ ಹೇಳ್ರಿ. ತಪ್ಪು ಒಪ್ಕೊಂಡ್ಲು ಅಂದ್ರ ತಂದು ಬಿಡ್ರಿ. ಇಲ್ಲಾಂದ್ರ ಮುಂದಿಂದು ಮುಂದ ನೋಡೂಣು."

"ಮುಂದಿಂದು" ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಆ ನಾಯಿನೂ ಒಯ್ಯವಾ," ಎಂದಳು ಕಾಶವ್ವ. "ಅದರ ಮ್ಯಾಲ ಸುಳ್ಳು ಹೇಳ್ಕೋತ ಕುಂದರಾಕ ಅಲ್ಲೂ ಬೇಕಾಕ್ಕತಿ."

ಖಾನಾಪುರದ ಹಾದಿಯಲ್ಲಿ ಟಂಟಂ ದೇಸೂರ ದಾಟುವ ಹೊತ್ತಿಗೆ ಚಿಂಗಿ ಸಮೃದ್ಧಿಯ ಮಡಿಲಲ್ಲೇ ವಾಂತಿ ಮಾಡಿತು. ಅವಳು ಸೆರಗಿನಿಂದ ಒರೆಸಿದಳು.

"ಅಪ್ಪಾ, ನೀನೂ ನಂಬಂಗಿಲ್ಲೇನು?"

ದುಂಡಪ್ಪ ರಸ್ತೆ ನೋಡುತ್ತ ಕೂತಿದ್ದರು. "ಯಾರರ ನಾಯಿಗೆ ಅಂಥಾ ಗುಳಿಗಿ ಹಾಕ್ತಾರೇನವಾ?" ಎಂದರು. ಆಮೇಲೆ ನಾಯಿಯ ಕಡೆ ನೋಡಿ, "ಮೊದಲ ಇದನ್ನ ತೋರಸೂಣು, ಸಾಯಾಕತ್ತೈತಿ," ಎಂದರು.

ಮಗಳನ್ನು ನಂಬದ ತಂದೆ ನಾಯಿಯ ಹೊಟ್ಟೆಯನ್ನು ನಂಬಿದರು. ಅಷ್ಟರಿಂದ ಚಿಂಗಿ ಉಳಿಯಿತು.

ಖಾನಾಪುರದ ಪಶು ಆಸ್ಪತ್ರೆಯ ಡಾಕ್ಟರ್ ಮರಿಯಮ ಹೊಟ್ಟೆ ಮುಟ್ಟಿ ನೋಡಿದ ಕೂಡಲೇ ಕೇಳಿದರು: "ಬೆದಿ ನಿಲ್ಲಸಾಕ ಏನರ ಕೊಟ್ಟೀರೇನು? ಸೂಜಿ, ಗುಳಿಗಿ?"

"ಗುಳಿಗಿ ಕೊಟ್ಟೇನ್ರಿ ಮೇಡಮ್ಮರ. ಹೆಂಗಸರು ತಗೋಳೂದು. ವರ್ಷಾತು."

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಅದು ಮನಷ್ಯಾರಿಗೆ ಮಾಡಿದ್ದವಾ. ನಾಯಿ ಗರ್ಭಕೋಶದಾಗ ಅದರಿಂದ ಕೀವು ತುಂಬತೈತಿ. ಬೆದಿ ಮುಂದ ಹಾಕೂ ಸೂಜಿದೂ ಹಾಂಗ, ಅದರಿಂದೂ ಹಿಂಗ ಆಗೂ ಅಂಜಿಕಿ ಇರತೈತಿ. ಬೆದಿ ಬಂದಾಗ ಮೂರು ವಾರ ಬಾಗಲಾ ಹಾಕಿ ಒಳಗ ಕಾಯ್ರಿ, ಇಲ್ಲಾ ಆಪರೇಶನ್ ಮಾಡಸ್ರಿ. ನಡುವ ಸೋವಿ ದಾರಿ ಇಲ್ಲ." ಸಲೈನ್ ಹಚ್ಚುತ್ತ, "ಇದಕ್ಕ ಮೊದಲ ಇಲ್ಲಿ ತಂದಿದ್ರೇನು?" ಎಂದರು.

"ಪಂಚಮಿಗೆ ನಮ್ಮನಿಯವರು ಹುಚ್ಚಿನ ಸೂಜಿ ಹಾಕಿಸ್ಯಾರ್ರಿ."

ಡಾಕ್ಟರು ಹಳೆಯ ರಿಜಿಸ್ಟರ್ ತೆಗೆದು ಪುಟ ತಿರುವಿದರು. ಒಂದು ಕಡೆ ಬೆರಳು ನಿಂತಿತು. ಓದಿದರು, ಮತ್ತೆ ಓದಿದರು. ಆಮೇಲೆ ಪುಸ್ತಕವನ್ನು ದುಂಡಪ್ಪನ ಕಡೆ ತಿರುಗಿಸಿದರು.

ನಾಯಿಯ ಹೆಸರು ಚಿಂಗಿ, ಊರು ವಡಗಾವಿ, ಮಾಲೀಕ ವಿನಯ. ರೇಬೀಸ್ ಲಸಿಕೆ ಹಾಕಿದೆ. ಅದರ ಕೆಳಗೆ ಡಾಕ್ಟರರ ಅಕ್ಷರ: ಹೆಂಡತಿಯು ನಾಯಿಗೆ ಮಹಿಳೆಯರ ಸಂತಾನ ನಿಯಂತ್ರಣ ಗುಳಿಗೆ ಕೊಡುತ್ತಿರುವುದಾಗಿ ಮಾಲೀಕರು ತಿಳಿಸಿದ್ದಾರೆ. ಕೂಡಲೇ ನಿಲ್ಲಿಸಲು ಹೇಳಿದೆ. ಗರ್ಭಕೋಶದ ಶಸ್ತ್ರಕ್ರಿಯೆಗೆ ಕರೆತರಲು ಹೇಳಿದೆ. ಪಕ್ಕದಲ್ಲಿ ವಿನಯನ ಸಹಿ.

ಪಂಚಮಿಯ ಮರುದಿನದ ತಾರೀಖು. ಪಂಚಾಯಿತಿ ಕೂಡುವುದಕ್ಕೆ ಮೂರು ತಿಂಗಳು ಮೊದಲು.

ವಿನಯ ನೋಡಿದ್ದ. ಹಿತ್ತಿಲಲ್ಲಿ ಹೆಂಡತಿ ಬೆಲ್ಲದಲ್ಲಿ ಗುಳಿಗೆ ಮುಚ್ಚುವುದನ್ನು ನೋಡಿದ್ದ, ಪಾಕೀಟು ಓದಿದ್ದ, ಡಾಕ್ಟರಿಗೆ ಕೇಳಿದ್ದ, ಅದು ವಿಷವೆಂದು ತಿಳಿದುಕೊಂಡಿದ್ದ. ಮನೆಗೆ ಬಂದು ಒಂದು ಮಾತು ಆಡಿರಲಿಲ್ಲ. ಶನಿವಾರ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದಾಗಲೂ ಆಡಲಿಲ್ಲ.

ಸಮೃದ್ಧಿ ಅಳಲಿಲ್ಲವಂತೆ. "ಮೇಡಮ್ಮರ, ಇದು ಉಳೀತೈತೇನ್ರಿ?" ಎಂದು ನಾಯಿಯ ಬಗ್ಗೆ ಕೇಳಿದಳಂತೆ.

ಮರುದಿನ ಬೆಳಿಗ್ಗೆ ಹೊಟ್ಟೆ ತೆರೆದರು. ಬೆರಳಿನ ಗಾತ್ರ ಇರಬೇಕಾದ ಗರ್ಭಕೋಶ ಮುಂಗೈ ದಪ್ಪ ಆಗಿತ್ತು, ತುಂಬ ಕೀವು. ಚಿಂಗಿ ಉಳಿಯಿತು. ಹೊಲಿಗೆ ನೆಕ್ಕಬಾರದೆಂದು ದುಂಡಪ್ಪ ಮಗಳ ಮದುವೆ ಸೀರೆಯ ರಟ್ಟಿನ ಡಬ್ಬಿ ಕತ್ತರಿಸಿ ಅದರ ಕೊರಳ ಸುತ್ತ ಲಾಳಿಕೆಯಂತೆ ಕಟ್ಟಿದರು.

ಮುಂದಿನ ಶನಿವಾರ ದುಂಡಪ್ಪ ಕರೆಯದೆ ನಮ್ಮ ಓಣಿಗೆ ಬಂದರು. ಮೊಬೈಲಿನಲ್ಲಿ ಆ ಪುಟದ ಫೋಟೋ ಇತ್ತು. ಕಟ್ಟೆಯ ಮೇಲೆ ಕೂಡಲಿಲ್ಲ, ನೇರವಾಗಿ ಮಗ್ಗದ ಶೆಡ್ಡಿಗೆ ಹೋಗಿ ಕಾಶವ್ವನ ಮುಂದೆ ಹಿಡಿದರು. ಅವಳಿಗೆ ಸಣ್ಣ ಅಕ್ಷರ ಕಾಣಲಿಲ್ಲ. "ಖುಶ್ನುಮಾನ ಕರೀರಿ," ಎಂದಳು. ಹೆಸರು ಬರೆದವಳೇ ಓದಲಿ ಎಂದು ಇರಬೇಕು.

ಖುಶ್ನುಮಾ ಓದಲು ಶುರು ಮಾಡಿದಳು. ಮಗ್ಗದ ಸಪ್ಪಳದಲ್ಲಿ ಕೇಳಲಿಲ್ಲ. ಕಾಶವ್ವ ಎದ್ದು ಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ ಇಳಿಸಿದಳು. ನಾಲ್ಕೂ ಮಗ್ಗ ನಿಂತವು. ಹಗಲು ಹೊತ್ತು ವಡಗಾವಿಯಲ್ಲಿ ಮಗ್ಗ ನಿಂತಿತೆಂದರೆ ಯಾರೋ ಸತ್ತಿರಬೇಕು. ಹಣಮಪ್ಪ ಓಡಿ ಬಂದ, ಹಿಂದೆ ನಾನೂ ಬಂದೆ. ಖುಶ್ನುಮಾ ಸಹಿಯವರೆಗೂ ಓದಿದಳು.

ಕಾಶವ್ವ ಮಗನ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನೋ?"

ವಿನಯ ಸ್ವಿಚ್ಚಿನ ಕಡೆ ನೋಡುತ್ತಿದ್ದ. "ನನ್ನ ಯಾರ ಕೇಳಿದ್ರು?"

ಇದು ಸುಳ್ಳಲ್ಲ. ಆ ಶನಿವಾರ ನಾವು ದುಂಡಪ್ಪನನ್ನು ಕೇಳಿದೆವು, ಖುಶ್ನುಮಾಳನ್ನು ಕೇಳಿದೆವು, ಸಮೃದ್ಧಿಯನ್ನು ಕೇಳಿ ನಕ್ಕೆವು. ಕೂಸಿಲ್ಲದ ಮನೆಯಲ್ಲಿ ಕೂಸಿನ ತಂದೆಯಾಗಬೇಕಾದವನನ್ನು ಒಂದು ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ, ಚಹಾ ಬಿಸಿ ಇತ್ತು.

"ಗೊತ್ತಿದ್ದು ಯಾಕ ಸುಮ್ಮನಿದ್ದಿ?" ಎಂದಳು ಕಾಶವ್ವ.

ಉತ್ತರ ಕಪಾಟಿನ ಫೈಲಿನಲ್ಲಿತ್ತು. ಹೆಂಡತಿ ಗುಳಿಗೆ ನುಂಗಿಲ್ಲ ಎಂದಾದರೆ ಕೂಸು ಯಾಕಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅವಳ ತಪಾಸಣೆ ಆಗಿದೆ. ಉಳಿದದ್ದು ಅವನ ಲ್ಯಾಬಿನ ಚೀಟಿ ಒಂದೇ. ಹರಿದ ಎಳೆಯನ್ನು ಕಿವಿಯಿಂದ ಹುಡುಕುವ ಕಾಶವ್ವನಿಗೆ ಇಷ್ಟು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅವಳು ಕಪಾಟಿನ ಕಡೆ ನೋಡಿದ್ದನ್ನು ನಾನು ನೋಡಿದೆ.

"ಆತೇಳ್ರಿ, ಗಂಡ್ಸು, ಬಾಯಿ ಬರಲಿಲ್ಲ," ಎಂದು ಹಣಮಪ್ಪ ನಡುವೆ ಬಂದ.

"ನೀ ಸುಮ್ಮನಿರು ಹಣಮಪ್ಪಣ್ಣ," ಎಂದಳು ಕಾಶವ್ವ. "ಮೊದಲ ನಿನ್ನ ನಾಯಿ ಕಟ್ಟು."

ಎರಡು ದಿನ ಬಿಟ್ಟು ಅವಳು ಒಬ್ಬಳೇ ಬಸ್ಸು ಹತ್ತಿ ಖಾನಾಪುರಕ್ಕೆ ಹೋದಳು. ಬೀಗರ ಮನೆಯ ಅಂಗಳದಲ್ಲಿ ಕೂತು ಚಿಂಗಿಯ ಹೊಟ್ಟೆಯನ್ನು ಮೇಲೆ ಮಾಡಿ, ಮೊದಲ ದಿನ ನೋಡಿದಂತೆಯೇ ನೋಡಿದಳು. ಈ ಸಲ ಹೊಲಿಗೆಗಳ ಮೇಲೆ ಬೆರಳಾಡಿಸಿದಳು. "ಚಲೋ ಹೊಲದಾರ," ಎಂದಳು. ಆಮೇಲೆ ಸೊಸೆಯ ಮುಖ ನೋಡದೆ, "ಬರ್ತಿಯೇನವಾ?" ಎಂದಳು.

"ಆ ಚೀಟಿ ತಗೊಂಡು ಅವರು ಲ್ಯಾಬಿಗೆ ಹೋಗಿ ಬರಲಿ ಅತ್ತಿ. ರಿಪೋರ್ಟ್ ಹೆಂಗರ ಇರಲಿ, ನನಗ ಸಿಟ್ಟಿಲ್ಲ. ತಾವ ಬಂದು, ಅಂದು ನಿಂತಿದ್ದ ಮಂದಿ ಮುಂದ, ನನಗ ಗೊತ್ತಿತ್ತು ಅಂತ ಒಂದ ಮಾತು ಹೇಳಲಿ. ಆಮ್ಯಾಲ ಬರೂದೋ ಬಿಡೂದೋ ನಾ ನೋಡ್ತೇನಿ."

ಸಮೃದ್ಧಿ ಈಗ ಮತ್ತೆ ಅಂಗನವಾಡಿಗೆ ಹೋಗುತ್ತಿದ್ದಾಳೆ. ಚಿಂಗಿ ಬಾಗಿಲಲ್ಲಿ ಮಲಗಿ ಮಕ್ಕಳ ಚಪ್ಪಲಿ ಕಾಯುತ್ತದೆ. ಇದನ್ನು ಪತ್ರಿಕೆಗೆ ಬರೆಯಲೇ ಎಂದು ನಾನು ಕೇಳಿದಾಗ, "ಬರೀರಿ. ನನ್ನ ಹೆಸರು ಮೊದಲ ಒಂದು ಪುಸ್ತಕದಾಗ ಸುಳ್ಳ ಬಿದ್ದೈತಿ, ಇನ್ನೊಂದರಾಗ ಖರೇ ಬೀಳಲಿ," ಎಂದಳು.

ಕಾಶವ್ವ ಇನ್ನೊಂದು ರೇಷ್ಮೆ ಎಳೆ ಬಿಡಿಸಿದ್ದಾಳೆ. ಈ ಸಲ ಅದು ಬಿದ್ದಿರುವುದು ಕಪಾಟಿನಲ್ಲಿರುವ ಮಗನ ಫೈಲಿನ ಮೇಲೆ. ಚೀಟಿ ತೆಗೆದರೆ ಎಳೆ ಹರಿಯಬೇಕು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೋಗಿ ನೋಡುತ್ತಾಳೆ. ಮೂರು ತಿಂಗಳಾಯಿತು. ಎಳೆ ಹಾಗೇ ಇದೆ.

ಟೈಗರಿನ ಸರಪಳಿಯೂ ಸಂಜೆಗೆ ಹಾಗೇ ಬಿಚ್ಚಿಕೊಳ್ಳುತ್ತದೆ. ಮೊನ್ನೆ ಓಣಿಯ ಕೊನೆಯ ಮನೆಯ ಹೆಣ್ಣು ನಾಯಿ ಆರು ಮರಿ ಹಾಕಿದೆ. ನಾಲ್ಕು ಹೆಣ್ಣು. ಆ ಮನೆಯವರು ನೂಲಿನ ಖಾಲಿ ಚೀಲ ಇದೆಯೇ ಎಂದು ಕೇಳುತ್ತಿದ್ದರು.

ನಿಮ್ಮ ಮನೆಯಲ್ಲಿ ಗಂಡು ನಾಯಿ ಇದ್ದರೆ ಈ ಪತ್ರಿಕೆ ಮಡಿಚಿಡಿ. ಹೆಂಡತಿಯನ್ನಾಗಲಿ ಮಗಳನ್ನಾಗಲಿ ಕಳಿಸಬೇಡಿ. ಮನೆಯ ಗಂಡಸೇ ಎದ್ದು, ಅದರ ಕೊರಳಿಗೆ ಹಗ್ಗ ಹಾಕಿ, ಈ ಸೋಮವಾರ ಬೆಳಿಗ್ಗೆ ಪಶು ಆಸ್ಪತ್ರೆಗೆ ನಡೆಸಿಕೊಂಡು ಹೋಗಿ.